ಕರೀಂ ಬೋರೆಯ ತವರುಮರ

ಇವತ್ತು ಬೆಳಿಗ್ಗೆ ನಮ್ಮ ಬೀದಿಗೆ ಸಿಡುಬಿನ ದಾಕು ಹಾಕುವವರು ಬಂದಿದ್ದರು. ಎದುರುಮನೆಯ ಜಗುಲಿಯ ಮೇಲೆ ಸ್ಪಿರಿಟ್ ದೀಪ ಹೊತ್ತಿಸಿಕೊಂಡು, ಸೂಜಿಯನ್ನು ಬೆಂಕಿಗೆ ಹಿಡಿದು ಆರಿಸಿ, ಒಂದೊಂದೇ ಮಗುವಿನ ತೋಳಿಗೆ ಚುಚ್ಚುತ್ತಿದ್ದರು. ಹದಿನೇಳು ಮಕ್ಕಳು, ಅಳದೇ ಇದ್ದವರು ಇಬ್ಬರು. ಎಣಿಸುವುದು ನನ್ನ ಹಳೆಯ ಚಟ, ಸಹಿಸಿಕೊಳ್ಳಿ. ಆರೋಗ್ಯವಾಗಿರುವ ಮೈಗೆ ಬೇಕೆಂದೇ ಕಾಯಿಲೆ ಸೋಕಿಸುವ ಕೆಲಸವನ್ನು ನಾನೂ ಒಂದು ಕಾಲಕ್ಕೆ ಮಾಡಿದ್ದೇನೆ. ಮಕ್ಕಳಿಗಲ್ಲ, ಬೋರೆ ಗಿಡಗಳಿಗೆ.

ಆಗ ನನಗೆ ಇಪ್ಪತ್ತೆರಡು. ಇಂಟರ್‌ಮೀಡಿಯೆಟ್ಟಿನಲ್ಲಿ ಎರಡು ಸಲ ಫೇಲಾಗಿ ಊರಿಗೆ ಬಂದವನನ್ನು ಅಪ್ಪ ಸಿರಾದ ತಮ್ಮ ಬಟ್ಟೆ ಅಂಗಡಿಗೆ ಸೇರಿಸಿಕೊಳ್ಳದೆ, ಮದಲೂರು ಕೆರೆಯ ಕೆಳಗಿನ ತೋಟ ನೋಡಿಕೊಳ್ಳಲು ಹಚ್ಚಿದ್ದರು. ತೋಟಕ್ಕೆ ಕಸಿ ಕಟ್ಟಲು ಬರುತ್ತಿದ್ದವರು ಹುಸೇನ್ ಸಾಬರು. ಅವರ ಹಿತ್ತಲಲ್ಲಿ ಅವರ ತಂದೆ ಕರೀಂ ಸಾಬರು ನೆಟ್ಟ ಒಂದು ಬೋರೆ ಮರವಿತ್ತು. ಬೇಲಿಯ ಎಲಚಿಹಣ್ಣು ನಿಮಗೆ ಗೊತ್ತೇ ಇದೆ: ತೊಗಲು, ಬೀಜ, ನಡುವೆ ಒಂದಿಷ್ಟು ಹುಳಿ. ಈ ಮರದ ಹಣ್ಣು ಹಾಗಲ್ಲ, ಉದ್ದಕ್ಕೆ, ಕಚ್ಚಿದರೆ ಕಬ್ಬಿನ ಹಾಗೆ ನೀರು. ಅದರ ಚಿಗುರುಮೊಗ್ಗಿಗೆ ಸಾಬರು ಕಣ್ಣು ಎನ್ನುತ್ತಿದ್ದರು. ಕಣ್ಣನ್ನು ತೊಗಟೆಯ ಸಮೇತ ಬಿಡಿಸಿ ಕಾಡು ಎಲಚಿಯ ಕಾಂಡಕ್ಕೆ ಕೂರಿಸಿದರೆ ಅದೂ ಕರೀಂ ಬೋರೆಯಾಗುತ್ತಿತ್ತು. ಮಧುಗಿರಿ, ಕೊರಟಗೆರೆಗಳಿಂದಲೂ ಜನ ಸಾಬರನ್ನು ಕಸಿಗೆ ಕರೆಯಲು ಬರುತ್ತಿದ್ದರು.

ಯಾವ ಊರಿಗೆ, ಯಾವ ದಿನ, ಎಷ್ಟು ಕಣ್ಣು ಹೋಯಿತು, ಎಷ್ಟು ಹತ್ತಿತು ಎಂದು ನಾನು ಡೈರಿಯಲ್ಲಿ ಗೆರೆ ಎಳೆದು ಬರೆಯುತ್ತಿದ್ದೆ. ಯಾರೂ ಕೇಳಿರಲಿಲ್ಲ. ಸಾಬರ ಹೆಂಡತಿ ಫಾತಿಮಾಬೀ ಅದನ್ನು ನೋಡಿ, ನಮ್ಮ ಯಜಮಾನರಿಗೆ ಹೆತ್ತ ಮಕ್ಕಳು ಹುಟ್ಟಿದ ವರ್ಷವೇ ನೆನಪಿಲ್ಲ, ಮರದ ಮಕ್ಕಳಿಗೆ ಶಾನುಭೋಗರು ಬೇರೆ, ಎಂದು ನಗುತ್ತಿದ್ದರು.

ಸಾಬರ ಮನೆಯಲ್ಲಿ ಒಂದು ಪದ್ಧತಿಯಿತ್ತು. ಕಸಿಯ ಗಿಡ ಮೊದಲ ಸಲ ಹಣ್ಣು ಬಿಟ್ಟರೆ, ಆ ಗಿಡದ ಒಂದು ಕಣ್ಣನ್ನು ತಂದು ಹಿತ್ತಲಿನ ಮರಕ್ಕೆ ಕಟ್ಟಬೇಕು. ಇದೇಕೆಂದು ಸಾಬರನ್ನು ಕೇಳಿದ್ದೆ.

"ಚೊಚ್ಚಲಿಗೆ ಹೆಣ್ಮಕ್ಕಳು ತವರಿಗೆ ಬರಾಕಿಲ್ವಾ? ಅಂಗೇಯ ಇದೂನೂವೆ," ಎಂದಿದ್ದರು.

ಹಾಗೆ ಬಂದ ಹೆಣ್ಣುಮಕ್ಕಳ ಕೊಂಬೆಗಳು ಆ ಮರದಲ್ಲಿ ಇಪ್ಪತ್ಮೂರಿದ್ದವು. ಇಪ್ಪತ್ನಾಲ್ಕನೆಯದನ್ನು ತಂದವನು ನಾನು. ಪಾವಗಡದ ಕಡೆಯ ಬಲಸಮುದ್ರದಲ್ಲಿ ಒಂದು ಗಿಡ ಹಣ್ಣು ಬಿಟ್ಟಿದೆಯೆಂದು ಸುದ್ದಿ ಬಂದಾಗ ಸಾಬರಿಗೆ ಮಂಡಿನೋವು. ನಾನು ಆಷಾಢದಲ್ಲಿ ಹೋಗಿ, ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ತಂದೆ. ಅಂದಿನ ಡೈರಿಯಲ್ಲಿ ಹೀಗಿದೆ: "ಗಿಡ ಚೆನ್ನಾಗಿದೆ. ಕೆಲವು ಎಲೆಗಳಲ್ಲಿ ಹಳದಿ ಮಚ್ಚೆ. ಬಿಸಿಲಿನಿಂದಿರಬಹುದು."

ಎರಡು ವರ್ಷ ಕಳೆಯುವಷ್ಟರಲ್ಲಿ ಹೊಸ ಕಸಿಗಳ ಎಲೆ ಹಳದಿಯಾಗಿ ಮುದುಡತೊಡಗಿತು. ಕಾಯಿ ಗಂಟುಗಂಟಾಗಿ ಉದುರಿತು. ಮಣ್ಣಿನ ದೋಷವೆಂದರು, ಸವಳು ನೀರೆಂದರು, ದೃಷ್ಟಿಯೆಂದರು. ಬೇವಿನ ಹಿಂಡಿ ಹಾಕಿ, ಹೊಗೆ ಹಾಕಿ, ಸುಣ್ಣ ಬಳಿದು ನೋಡಿದೆವು. ಕೊರಟಗೆರೆಯ ರೈತರೊಬ್ಬರು ಆರು ಗಿಡ ಕಿತ್ತು ಗಾಡಿಯಲ್ಲಿ ತಂದು ಸಾಬರ ಬಾಗಿಲಿಗೆ ಹಾಕಿ, ಏನೂ ಬಯ್ಯದೆ ಹೋದರು. ಆಮೇಲೆ ಕಸಿಗೆ ಕರೆಯುವವರೇ ಇಲ್ಲವಾದರು. ಸಾಬರು ದಿನವೂ ಚಾಕು ಮಸೆದು ಒರೆಗೆ ಸೇರಿಸುತ್ತಿದ್ದರು.

ಒಂದು ಮಧ್ಯಾಹ್ನ ಡೈರಿ ತೆಗೆದು ಕೂತೆ. ಬಲಸಮುದ್ರದ ಆ ಗಿಡವೊಂದನ್ನು ಬಿಟ್ಟು, ನಾನು ಅಲ್ಲಿಗೆ ಹೋಗುವ ಮೊದಲು ಕಟ್ಟಿದ ಮೂವತ್ತೊಂದು ಕಸಿಗಳೂ ಆರೋಗ್ಯವಾಗಿದ್ದವು. ಆಮೇಲಿನ ಇಪ್ಪತ್ತಾರರಲ್ಲಿ ಇಪ್ಪತ್ತೆರಡಕ್ಕೆ ರೋಗ. ನಡುವೆ, ನನ್ನದೇ ದುಂಡಗಿನ ಅಕ್ಷರದಲ್ಲಿ, ಹಳದಿ ಮಚ್ಚೆ. ತವರಿಗೆ ಬಂದ ಮಗಳಿಂದ ತಾಯಿಗೆ, ತಾಯಿಯಿಂದ ಮುಂದೆ ಹುಟ್ಟಿದವರಿಗೆಲ್ಲ. ಮೂರು ದಿನ ಯಾರಿಗೂ ಹೇಳಲಿಲ್ಲ. ನಾಲ್ಕನೆಯ ದಿನ ಡೈರಿ ಹಿಡಿದು ಹೋದೆ.

"ಸಾಬ್ರೆ, ಮಣ್ಣಲ್ಲ, ನೀರಲ್ಲ. ನಾನು ತಂದ ಕಣ್ಣು."

ಓದಿಸಿ ಕೇಳಿದರು. ಆ ಕೊಂಬೆಯ ಕಡೆ ನೋಡಿದರು.

"ತರಾಕೆ ಹೇಳ್ದೋನು ನಾನು, ಅದಿರ್ಲಿ. ಮಚ್ಚೆ ಕಂಡೈತೆ, ಬರ್ದೂ ಬರ್ದಿದೀಯ. ನಂಗೊಂದು ಮಾತು ಹೇಳ್ಬಾರ್ದಾಗಿತ್ತಾ ಅಪ್ಪಯ್ಯ?"



ಮಧುಗಿರಿಯಲ್ಲಿದ್ದ ವ್ಯವಸಾಯದ ಅಧಿಕಾರಿಯೊಬ್ಬರು ಬಂದು ನೋಡಿದರು. ಇದು ರಸದಲ್ಲಿ ಹರಿಯುವ, ಕಣ್ಣಿಗೆ ಕಾಣದ ನಂಜು; ಮದ್ದಿಲ್ಲ; ಹುಳುಗಳು ಹಳೆಯ ಮರಗಳಿಗೂ ಇದನ್ನು ಒಯ್ಯುತ್ತವೆ; ಬೀಜ ಬಿತ್ತಿ, ಎದ್ದ ಸಸಿಗಳಲ್ಲಿ ನಂಜನ್ನು ತಡೆದುಕೊಳ್ಳುವುದು ಯಾವುದೆಂದು ಹುಡುಕಬೇಕು, ಎಂದರು. ಸಾಬರು ಆ ಸಲದ ಹಣ್ಣುಗಳಲ್ಲಿ ನೆಟ್ಟಗಿದ್ದವನ್ನು ಆರಿಸಿ ಬೀಜ ತೆಗೆದರು. ಮುಂದೆ ಸಸಿಗಳನ್ನು ಪರೀಕ್ಷಿಸಲೆಂದು ರೋಗದ ಒಂದು ಕಣ್ಣನ್ನು ಮಾತ್ರ ಕುಂಡದ ಗಿಡಕ್ಕೆ ಕಟ್ಟಿ, ಹುಳು ತಾಗದಂತೆ ಬಲೆ ಹೊದಿಸಿ ಉಳಿಸಿಕೊಂಡರು. ಶುಕ್ರವಾರ ನಮಾಜು ಮುಗಿಸಿ ಬಂದು ಮರವನ್ನು ತಾವೇ ಕಡಿದರು. ನಾನು ಕೊಡಲಿಗೆ ಕೈ ಚಾಚಿದೆ, ಕೊಡಲಿಲ್ಲ.

ಅರವತ್ತು ಸಸಿಗಳು ಎದ್ದವು. ಪ್ರತಿಯೊಂದಕ್ಕೂ ಕುಂಡದ ಗಿಡದ ರೋಗದ ಕಣ್ಣನ್ನು ಕೂರಿಸಿದೆವು. ಬದುಕಿಸಲು ಕಲಿತ ಕೈ ಅದು. ಸಾಬರು ಆ ಕೆಲಸವನ್ನೂ ಅಷ್ಟೇ ಅಚ್ಚುಕಟ್ಟಾಗಿ ಮಾಡಿದರು. ವರ್ಷದ ಕೊನೆಗೆ ಐವತ್ತೇಳು ಹಳದಿಯಾದವು. ಮೂರು ಹಸಿರಾಗಿ ಉಳಿದವು. ಅದರಲ್ಲಿ ಒಂದನ್ನು ಆಡು ತಿಂದಿತು, ಇನ್ನೊಂದು ಹೂವನ್ನೇ ಬಿಡಲಿಲ್ಲ. ಮೂರನೆಯದು ನಾಲ್ಕನೆಯ ಸಂಕ್ರಾಂತಿಗೆ ಹಣ್ಣು ಬಿಟ್ಟಿತು. ಅಷ್ಟರಲ್ಲಿ ಹಳೆಯ ಮೂವತ್ತೊಂದು ಮರಗಳೂ ಕೆಟ್ಟಿದ್ದವು.

ಸಾಬರು ಮೊದಲ ಹಣ್ಣನ್ನು ನಿಧಾನವಾಗಿ ಅಗಿದರು. ಎಲಚಿಗಿಂತ ದೊಡ್ಡದು, ಕರೀಂ ಬೋರೆಗಿಂತ ಹುಳಿ. ಡೈರಿಯಲ್ಲಿ ಹಣ್ಣಿನ ಹೆಸರಿಗೆಂದು ಗೆರೆ ಎಳೆದ ಕಲಮಿನ ಮೇಲೆ ಪೆನ್ಸಿಲ್ ಇಟ್ಟುಕೊಂಡು ನಾನು ಕಾಯುತ್ತಿದ್ದೆ. ಕರೀಂ ಬೋರೆ ಎಂದೇ ಬರೆಯಲೇ ಎಂದು ಕೇಳಿದೆ.

"ಬ್ಯಾಡ. ಗಟ್ಟಿ ಗಿಡ, ಜನಕ್ಕೆ ಕೊಡಾನ. ಆದ್ರೆ ನಮ್ಮಪ್ಪನ ಹಣ್ಣು ಇದಲ್ಲ ಕಣಪ್ಪ. ಸುಳ್ಳು ಬರೀಬ್ಯಾಡ."

ಮಾರನೆಯ ಮಳೆಗಾಲ ಅದರ ಕಣ್ಣು ಹನ್ನೊಂದು ಊರಿಗೆ ಹೋಯಿತು. ಮೊದಲ ಆರು ಕಣ್ಣುಗಳನ್ನು ಸಾಬರು ಕೊರಟಗೆರೆಯ ಆ ರೈತರ ಹೊಲಕ್ಕೆ, ಕರೆಯದಿದ್ದರೂ ಹೋಗಿ ಕಟ್ಟಿ ಬಂದರು.

ಸಾಬರು ಈಗಿಲ್ಲ. ದಾಕು ಹಾಕುವವರು ಹೋದ ಮೇಲೆ ಆ ಡೈರಿಯನ್ನು ಹುಡುಕಿ ತೆಗೆದೆ. ಹೆಸರಿನ ಕಲಮು ಖಾಲಿಯೇ ಇದೆ. ಇಷ್ಟು ವರ್ಷ ಅದನ್ನು ನನ್ನ ಕೆಲಸದಲ್ಲಿ ಉಳಿದ ಕೊರತೆಯೆಂದುಕೊಂಡಿದ್ದೆ. ಇವತ್ತು ಓದುವಾಗ, ಆ ಪುಟದಲ್ಲಿ ಸರಿಯಾಗಿ ತುಂಬಿದ ಕಲಮು ಅದೊಂದೇ ಅನ್ನಿಸಿತು.