ಕಲೆ ಜೋಪಾನ

ಕೋವಿಡ್ ಕಳೆದ ಮಾರನೆಯ ವರ್ಷದ ಮಾತು. ಹಳೆಯ ಶಿಲ್ಪಗಳನ್ನು ಶುಚಿಮಾಡಿ ಉಳಿಸುವ ಕನ್ಸರ್ವೇಟರ್ ಕೆಲಸದಿಂದ ನಿವೃತ್ತನಾಗಲು ನನಗೆ ಎರಡು ವರ್ಷ ಬಾಕಿಯಿತ್ತು. ಮಾಗಡಿ ತಾಲ್ಲೂಕಿನ ಕಲ್ಯದ ಹತ್ತಿರದ ಒಂದು ದೊಡ್ಡಮನೆಯಿಂದ ಫೋನ್ ಬಂತು. ಮೊಮ್ಮಗಳ ಮದುವೆಯೊಳಗೆ ಪಡಸಾಲೆಯ ಅಮೃತಶಿಲೆಯ ಬಸ್ಟ್, ಅಂದರೆ ಎದೆಮಟ್ಟದ ಪ್ರತಿಮೆ, ಶುಚಿಯಾಗಬೇಕಿತ್ತು.

ಅದು ಮನೆಯ ಯಜಮಾನಿ ಜಯಮ್ಮನವರ ಅಜ್ಜಿಯದು. ಅಜ್ಜಿ ತೀರಿಕೊಂಡ ಮೇಲೆ ತಾತ ಫೋಟೊ ಕಳಿಸಿ ಇಟಲಿಯಲ್ಲಿ ಮಾಡಿಸಿದ್ದರಂತೆ. ಶಿಲ್ಪಿ, ಪಾಪ, ಸೀರೆ ಕಂಡವನಲ್ಲ. ಸೆರಗನ್ನು ರೋಮಿನ ರಾಣಿಯರ ಹೊದಿಕೆಯ ಹಾಗೆ ಭುಜದಿಂದ ಇಳಿಬಿಟ್ಟಿದ್ದ. ಮೈತುಂಬ ಧೂಳು, ಹೊಗೆ. ಹಣೆಯಲ್ಲೊಂದು ಕಂದುಗೆಂಪು ಗುರುತು.

"ಧೂಳು ತೆಗೆದು ಒಸಿ ಬೆಳ್ಳಗೆ ಮಾಡ್ಕೊಡಿ ಸ್ವಾಮಿ. ಕಲೆ ಮಾತ್ರ ಜೋಪಾನ" ಎಂದರು ಜಯಮ್ಮ.

ಅಬ್ಬಾ, ಈಯಮ್ಮನಿಗೆ ಕಲೆಯ ಬಗ್ಗೆ ಎಷ್ಟು ಕಾಳಜಿ ಎಂದು ನನಗೆ ಖುಷಿಯೋ ಖುಷಿ. "ಮೂವತ್ತು ವರ್ಷದಿಂದ ನನ್ನ ಕೆಲಸವೇ ಅದು ಕಣಮ್ಮಾ" ಎಂದು ಬೀಗಿದೆ.

ಹಣೆಗೆ ಪೌಲ್ಟೀಸ್ ಹಾಕಿದೆ. ಅದು ದ್ರಾವಕದಲ್ಲಿ ಕಲಸಿದ ಜೇಡಿಮಣ್ಣಿನ ಪಟ್ಟು. ಒಣಗುತ್ತಾ ಕಲ್ಲಿನೊಳಗಿನ ಜಿಡ್ಡನ್ನು ಹೀರಿಕೊಳ್ಳುತ್ತದೆ. ಮೂರನೆಯ ಸಲಕ್ಕೆ ಗುರುತು ಪೂರ್ತಿ ಹೋಯಿತು. ಜಂಬದಿಂದಲೇ ಜಯಮ್ಮನವರನ್ನು ಕರೆದೆ.

ಅವರು ನೋಡಿ ಅಲ್ಲೇ ಕುಸಿದು ಕೂತರು. "ಅಯ್ಯೋ! ಕಲೆ ಜೋಪಾನ ಅಂದಿದ್ನಲ್ಲ ಸ್ವಾಮಿ! ನಮ್ಮಜ್ಜಿ ಹಣೆ ಬರಿದು ಮಾಡ್ಬುಟ್ರಲ್ಲ!"

ಮುತ್ತೈದೆಯಾಗಿ ಹೋದವಳ ಬೋಳು ಹಣೆ ನೋಡಲಾರದೆ, ಪ್ರತಿಮೆ ಬಂದ ದಿನವೇ ತಾತ ಎಣ್ಣೆಯಲ್ಲಿ ಕುಂಕುಮ ಕಲಸಿ ತಮ್ಮ ಬೆರಳಿಂದ ಇಟ್ಟಿದ್ದರಂತೆ. ಆಮೇಲೆ ಯಾರೂ ಅದರ ಮೇಲೆ ಇನ್ನೊಂದು ಬೊಟ್ಟು ಇಟ್ಟಿರಲಿಲ್ಲ. ಹಸೆಮಣೆ ಏರುವ ಮುನ್ನ ಮನೆಯ ಹೆಣ್ಣುಮಕ್ಕಳೆಲ್ಲ ಆ ಗುರುತು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಮನೆಯವರು 'ಕಲೆ' ಎನ್ನುತ್ತಿದ್ದುದೇ ಅದನ್ನು.

"ಅದೇ ಬಣ್ಣ ತಂದು ಹಾಗೇ ಇಟ್ಟುಕೊಡ್ತೀನಮ್ಮಾ" ಎಂದೆ.

"ಬ್ಯಾಡಿ ಸ್ವಾಮಿ. ನೀವಿಟ್ರೆ ಅದು ಬಣ್ಣ ಆಯ್ತದೆ ಅಷ್ಟೆ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅಂದಿನಿಂದ ಯಾವ ಮನೆಗೆ ಹೋದರೂ ಪೆಟ್ಟಿಗೆ ತೆರೆಯುವ ಮೊದಲು ಯಾವ ಗುರುತು ಯಾರದೆಂದು ಕೂತು ಕೇಳಿದ್ದೇನೆ. ಆ ಮನೆಗೆ ಅದರಿಂದ ಏನಾಗಬೇಕು? ನಾನು ಅಳಿಸಿದ್ದು ಮರಳಲಿಲ್ಲ.

ಅಷ್ಟಾದರೂ ಮದುವೆಗೆ ನನ್ನನ್ನು ಕರೆದರು, ದೊಡ್ಡ ಮನಸ್ಸಿನವರು. ಮದುಮಗಳು ಪ್ರತಿಮೆಯ ಮುಂದೆ ಬಂದು, ಎಲ್ಲಿ ಮುಟ್ಟಬೇಕೆಂದು ತಿಳಿಯದೆ ಒಂದು ಗಳಿಗೆ ನಿಂತಳು. ಕೊನೆಗೆ ತನ್ನ ಹಣೆಯನ್ನೇ ಆ ಹಣೆಗೆ ಒತ್ತಿದಳು. ಅವಳು ತಲೆ ಎತ್ತಿದಾಗ ಕುಂಕುಮ ಒಂದಿಷ್ಟು ಕಲ್ಲಿಗೆ ಹತ್ತಿಕೊಂಡಿತ್ತು.

ಜಯಮ್ಮ ನನ್ನ ಕಡೆ ತಿರುಗಿದರು. "ಇದ್ನ ಒರೆಸ್ಬ್ಯಾಡಿ ಸ್ವಾಮಿ" ಎಂದರು.

ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.