ಬಾಣಂತಿಗೆ ತಂದ ಸೊರ

ನಮ್ಮ ಮೊಳಕಾಲ್ಮೂರಿನಿಂದ ಸಮುದ್ರ ಯಾವ ದಿಕ್ಕಿಗೆ ಹೋದರೂ ದೂರವೇ. ಆದರೂ ನಮ್ಮಲ್ಲಿ ಬಾಣಂತಿಯಿರುವ ಮನೆಗೆ ಒಣಗಿದ ಸೊರ ಮೀನು ಬರಲೇಬೇಕು. ಸೊರ ಎಂದರೆ ಪುಸ್ತಕದಲ್ಲಿರುವ ಶಾರ್ಕ್. ಅದನ್ನು ತಿಂದರೆ ಎದೆಹಾಲು ಹೆಚ್ಚುತ್ತದೆ ಎಂಬುದು ಗಡಿಯಾಚೆಯ ಆಂಧ್ರದ ನೆಂಟರಿಂದ ಬಂದ ನಂಬಿಕೆ. ನಾನು ಹೆತ್ತಾಗ ಅವ್ವ ನನಗೆ ತಿನ್ನಿಸಿದ್ದಳು. ಮಗಳು ಹೆತ್ತಾಗ ನಾನು ಚೀಲ ಹಿಡಿದು ಚಳ್ಳಕೆರೆ ಸಂತೆಗೆ ಹೋದೆ.

ಮಗಳಿಗೆ ಹಾಲು ಸಾಲುತ್ತಿರಲಿಲ್ಲ. ಕೂಸು ಅತ್ತು ಅತ್ತು ಸುಸ್ತಾಗಿ ಮಲಗುವುದನ್ನು ನೋಡಿ ನನಗೆ ತಲೆ ಕೆಟ್ಟಿತ್ತು. ಒಣಮೀನಿನ ಸಾಹೇಬರು ಸಣ್ಣ ಸೊರ ತೋರಿಸಿದರೆ ಮೂಗು ಮುರಿದೆ.

"ದೊಡ್ಡದು ತೆಗೀರಿ. ಬಾಣಂತಿಗೆ ಬೇಕು."

"ಏಕ್ದಮ್ ದೊಡ್ಡದೇ ಐತೆ ಟೀಚರಮ್ಮ," ಎಂದು ಒಳಗಿನಿಂದ ಹಲಗೆಯಂಥ ತುಂಡು ತಂದರು. ಗೆದ್ದವಳ ಹಾಗೆ ಬಸ್ಸು ಹತ್ತಿದೆ.

ಬೆಳ್ಳುಳ್ಳಿ ಜಜ್ಜಿ ಹಾಕಿ ಹುರಿದು, ತಿಂಗಳುಗಟ್ಟಲೆ ಬಿಸಿ ಅನ್ನದ ಜೊತೆ ಬಡಿಸಿದೆ. "ಸಾಕವ್ವ, ವಾಸ್ನೆ," ಎಂದರೆ ಗದರಿದೆ. ಹಾಲೂ ಬಂತು, ಕೂಸು ದುಂಡಗಾಯಿತು. ಬೀದಿಯ ಮಗ್ಗದ ಮನೆಗಳಿಗೆಲ್ಲ ನಾನೇ ಡಂಗುರ ಹೊಡೆದೆ.

ಆಮೇಲೆ ಶಾಲೆಯಲ್ಲಿ ಆಹಾರ ಸರಪಳಿಯ ಪಾಠ ಬಂತು. ನಾನು ವಿಜ್ಞಾನ ಕಲಿಸುವವಳು. ಕಾರ್ಖಾನೆಗಳ ಪಾದರಸ ಸಮುದ್ರ ಸೇರಿ, ಪಾಚಿಯಿಂದ ಸಣ್ಣ ಮೀನಿಗೆ, ಅದರಿಂದ ಅದನ್ನು ನುಂಗಿದ ಮೀನಿಗೆ ಹೋಗುತ್ತದೆ. ಮೀನು ದೊಡ್ಡದಾದಷ್ಟೂ ವಿಷ ಹೆಚ್ಚು. ವರ್ಷವರ್ಷವೂ ಬೋರ್ಡಿನ ಮೇಲೆ ಇವೇ ಬಾಣಗಳನ್ನು ಎಳೆದಿದ್ದೇನೆ. ಕೊನೆಗೊಂದು ಶಾರ್ಕ್, ಅದರಾಚೆ ಒಬ್ಬ ಮನುಷ್ಯ. ಅಷ್ಟು ಬರೆದು ಸೀಮೆಸುಣ್ಣದ ಕೈ ಜಾಡಿಸುವಾಗ ಮುಂದಿನ ಬೆಂಚಿನ ಹುಡುಗಿ ಎದ್ದಳು.

"ಮಿಸ್, ನಮ್ಮಕ್ಕ ಬಾಣಂತಿ. ನೀವು ಹೇಳಿದ್ರಿ ಅಂತ ನಮ್ಮವ್ವ ದೊಡ್ಡ ಸೊರಾನೇ ತಂದವ್ಳೆ. ಮನುಷ್ಯನಿಂದ ಕೂಸಿಗೂ ಒಂದು ಬಾಣ ಹಾಕ್ಬೇಕಾ?"

ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಅನ್ನುತ್ತಾರೆ. ಈ ಸಲ ನಾನು ತಿನ್ನಲೂ ಇಲ್ಲ, ಹೆತ್ತ ಮಗಳಿಗೆ ತಿನ್ನಿಸಿದೆ. ಆ ಬಾಣವನ್ನೂ ಎಳೆದೆ.

ಸಂಜೆ ಆ ಹುಡುಗಿಯ ಮನೆಗೆ ಹೋಗಿ ಮೀನು ನಿಲ್ಲಿಸಿ ಎಂದು ಹೇಳಿಬಂದೆ. ನಮ್ಮ ಮನೆಯಲ್ಲಿ ಉಳಿದಿದ್ದನ್ನು ಗುಂಡಿ ತೋಡಿ ಹೂತೆ. ನಾಯಿಗೆ ಹಾಕಲೂ ಮನಸ್ಸಾಗಲಿಲ್ಲ. ಮಗಳ ಹತ್ತಿರ ಮಾತ್ರ, ಮೀನಿಗೆ ಹುಳ ಬಿದ್ದಿತ್ತು ಎಂದೆ. ಆಸ್ಪತ್ರೆಯ ನರ್ಸಮ್ಮನನ್ನು ಗುಟ್ಟಾಗಿ ಕೇಳಿದೆ.

"ಹಾಲು ಬಿಡಿಸ್ಬೇಡ್ರಿ, ಮೀನು ಬಿಡಿಸ್ರಿ. ಏನೂ ಆಗಿರಾಕಿಲ್ಲ ಬಿಡ್ರಿ," ಎಂದರು. ಆಗಿಲ್ಲ ಎಂದು ಖಂಡಿತವಾಗಿ ಹೇಳಲಿಲ್ಲ.

ನಿಜ ಹೇಳಿದರೆ ಮಗಳು ಹೆದರಿ ಎದೆ ಕೊಡುವುದನ್ನೇ ನಿಲ್ಲಿಸಿಯಾಳು. ಅದಕ್ಕಿಂತ ಹೆಚ್ಚಾಗಿ, ಅವಳು ನನ್ನ ಮುಖ ನೋಡುವುದಿಲ್ಲ ಎಂಬ ಭಯ. ಪಾದರಸ ಎಳೆಕೂಸಿನ ಮಿದುಳಿಗೆ, ಕಿವಿಗೆ ತಟ್ಟುತ್ತದೆ ಎಂದು ಓದಿದ್ದೇನೆ. ಅದಕ್ಕೇ ದಿನಾ ಬೆಳಿಗ್ಗೆ ಕೂಸಿನ ಬೆನ್ನ ಹಿಂದೆ ಕೂತು ಬಳೆ ಕುಲುಕುತ್ತೇನೆ. ಸದ್ದಿಗೆ ತಿರುಗುತ್ತದೋ ಇಲ್ಲವೋ ನೋಡಬೇಕು. ಕೆಲವು ದಿನ ಥಟ್ಟನೆ ತಿರುಗುತ್ತದೆ, ಕೆಲವು ದಿನ ತಡಮಾಡುತ್ತದೆ.

ನಿನ್ನೆ ಮಗಳು ಬಾಗಿಲಲ್ಲಿ ನಿಂತು ನಕ್ಕಳು. "ದಿನಾ ಅದೇನವ್ವ ಆಟ?"

"ಹೂಂ, ಆಟ," ಎಂದೆ. ಕೂಸು ಇನ್ನೂ ತಿರುಗಿರಲಿಲ್ಲ.