ತಿಳಿ ನೀರಿನ ವರದಿ

ತೆಲಂಗಾಣ ಪ್ರತ್ಯೇಕ ರಾಜ್ಯವಾಗಿ ನಾಲ್ಕನೆಯ ವರ್ಷ. ಹೈದರಾಬಾದಿನಲ್ಲಿ ಸರ್ಕಾರದ ಸಣ್ಣ ಕೆರೆಗಳನ್ನು ನೋಡಿಕೊಳ್ಳುವ ಅಸಿಸ್ಟೆಂಟ್ ಎಂಜಿನಿಯರ್ ಆಗಿದ್ದೆ. ಮಳೆಗಾಲಕ್ಕೆ ಮುಂಚೆ ಪ್ರತಿಯೊಂದು ಕಟ್ಟೆಯನ್ನೂ ಪರೀಕ್ಷಿಸಿ ವರದಿ ಕೊಡುವುದು ನನ್ನ ಕೆಲಸ.

ಸಿಕಂದರಾಬಾದಿನಾಚೆ ಒಂದು ಕುಂಟೆ. ಮಣ್ಣಿನ ಕಟ್ಟೆಯ ಎತ್ತರ ನಾಲ್ಕು ಮೀಟರ್. ಐದೂ ಇರಬಹುದು, ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ರಿಜಿಸ್ಟರಿನ ‘ಉದ್ದೇಶ’ ಕಾಲಮಿನಲ್ಲಿ ‘ನೀರಾವರಿ’ ಎಂದಿತ್ತು. ಗದ್ದೆಗಳೆಲ್ಲ ಆಗಲೇ ಸೈಟುಗಳಾಗಿದ್ದವು. “ಹೊಲವೇ ಇಲ್ಲದ ಕೆರೆ, ಬೇಗ ನೋಡಿ ಬಾ” ಎಂದು ಮೇಲಧಿಕಾರಿ ತೆಲುಗಿನಲ್ಲಿ ಹೇಳಿ ನಕ್ಕಿದ್ದರು. ಕಟ್ಟೆಯ ಬುಡದಲ್ಲಿ ಲಿಂಗಸುಗೂರು ಕಡೆಯ ಕಟ್ಟಡ ಕಾರ್ಮಿಕರ ತಗಡಿನ ಶೆಡ್ಡುಗಳಿದ್ದವು. ಕಟ್ಟೆಯಿಂದ ಜಿನುಗುವ ನೀರಿಗೆ ಕಲ್ಲು ಜೋಡಿಸಿ ಅವರು ಒರತೆ ಮಾಡಿಕೊಂಡಿದ್ದರು.

ಮಣ್ಣಿನ ಕಟ್ಟೆ ಅಷ್ಟಿಷ್ಟು ಜಿನುಗುವುದು ಸಹಜ. ನೀರು ತಿಳಿಯಾಗಿದ್ದರೆ ಚಿಂತೆಯಿಲ್ಲ. ಕದಡಿದ್ದರೆ ಅದು ಕಟ್ಟೆಯ ಒಳಗಿನ ಮಣ್ಣನ್ನೇ ಹೊತ್ತು ತರುತ್ತಿದೆ, ಒಳಗೆ ಪೊಳ್ಳಾಗುತ್ತಿದೆ ಎಂದರ್ಥ. ಆ ವರ್ಷ ಮೇ ತಿಂಗಳಲ್ಲೇ ಮಳೆ ಬಂದು ಕುಂಟೆ ಮುಕ್ಕಾಲು ತುಂಬಿತ್ತು. ಒರತೆಯ ಸುತ್ತ ಕೆಸರು. ಅಲ್ಲಿದ್ದ ಹುಲಿಗೆಮ್ಮ ಎಂಬ ಹೆಂಗಸಿಗೆ, ಒರತೆಯ ನೀರು ಸ್ವಲ್ಪ ಬೇಕಿತ್ತು ಎಂದು ಕನ್ನಡದಲ್ಲೇ ಹೇಳಿದೆ.

“ನೀವು ನಮ್ಮ ಕಡೀಯವ್ರೇನ್ರಿ ಸರ?”

“ಕಲಬುರಗಿ.”

“ಹಂಗಾರ ರಾಡ್ಯಾಗ ಇಳೀಬ್ಯಾಡ್ರಿ. ಬೂಟಿಗೆ ಅಷ್ಟು ಪಾಲಿಶ್ ಹೊಡದೀರಿ. ನಿಂದರ್ರಿ, ನಾನಽ ತರ್ತೀನಿ.”

ಸ್ಟೀಲ್ ಲೋಟದಲ್ಲಿ ನೀರು ತಂದಳು. ಲೋಟದ ತಳ ಹೊಳೆಯುತ್ತಿತ್ತು. ‘ಜಿನುಗು ಇದೆ, ನೀರು ತಿಳಿ’ ಎಂದು ಬರೆದುಕೊಂಡೆ.

“ಕಟ್ಟಿ ಗಟ್ಟಿ ಐತೇನ್ರಿ? ಮೇಸ್ತ್ರಿ ದಿಬ್ಬದ ಮ್ಯಾಲ ಜಾಗಾ ಕೊಡ್ತೀನಿ ಅಂತಾನ. ನೀರು ದೂರ ಆಕ್ಕತಿ ಅಂತ ನಾವು ಹೋಗಿಲ್ಲ.”

“ಗಟ್ಟಿ ಇದೆ. ಇಲ್ಲೇ ಇರಿ” ಎಂದೆ.

ಮೂರು ವಾರಗಳ ನಂತರ, ಒಂದು ಮಧ್ಯಾಹ್ನ, ಕಟ್ಟೆ ಆ ಒರತೆಯ ನೇರಕ್ಕೇ ಒಡೆಯಿತು. ಹೆಚ್ಚಿನವರು ಕೆಲಸಕ್ಕೆ ಹೋಗಿದ್ದರು. ಹುಲಿಗೆಮ್ಮನ ಗಂಡ ಊಟಕ್ಕೆ ಬಂದಿದ್ದ. ಕುಸಿದ ಶೆಡ್ಡಿನಡಿ ಸಿಕ್ಕ ಅವನ ಬಲಗಾಲನ್ನು ಮೊಣಕಾಲಿನ ಮೇಲೆ ಕತ್ತರಿಸಬೇಕಾಯಿತು.

ಆಸ್ಪತ್ರೆಯ ವರಾಂಡದಲ್ಲಿ ಹುಲಿಗೆಮ್ಮ ನನ್ನನ್ನು ಬೈಯಲಿಲ್ಲ. “ತೆಪ್ಪು ನಂದಽ ಐತ್ರಿ ಸರ” ಎಂದಳು. “ನೀವು ಬಂದಾಗ ಎರಡು ದಿನದಿಂದ ನೀರು ಕೆಂಪಗ ಬರಾಕತ್ತಿತ್ತು. ನಮ್ಮ ಕಡೀಯವ್ರಿಗೆ ಹಂಗ ಹೆಂಗ ಕುಡಿಯಾಕ ಕೊಡ್ಲಿ? ಸೆರಗಿನ್ಯಾಗ ಸೋಸಿ ತಂದೆ.”

ನೀರು ಪರೀಕ್ಷೆಗೆ ಎಂದು ನಾನು ಹೇಳಿರಲೇ ಇಲ್ಲ. ನನಗೆ ಬಾಯಾರಿದೆ ಎಂದುಕೊಂಡಿದ್ದಳು. ಲೋಟ ಕೊಡುವಾಗ ಅವಳ ಸೆರಗು ಒದ್ದೆಯಾಗಿತ್ತು, ಅಂಚಿಗೆ ಕೆಮ್ಮಣ್ಣು ಹತ್ತಿತ್ತು ಎಂದು ನನಗೆ ನೆನಪಿದೆ. ಅದು ಆ ದಿನವೇ ಕಂಡದ್ದೋ, ಅವಳ ಮಾತು ಕೇಳಿದ ಮೇಲೆ ಮನಸ್ಸು ಬರೆದುಕೊಂಡ ಚಿತ್ರವೋ, ಎಷ್ಟು ಯೋಚಿಸಿದರೂ ತಿಳಿಯುತ್ತಿಲ್ಲ. ಕಂಡಿದ್ದರೆ ನಾನು ಕೇಳಬೇಕಿತ್ತು. ಕಾಣದಿದ್ದರೂ ಕೆಸರಿಗೆ ಇಳಿಯಬೇಕಿತ್ತು.

ಇಲಾಖೆಯ ವಿಚಾರಣೆಯಲ್ಲಿ ನನ್ನ ವರದಿ ಓದಿದರು. “ನೀರು ತಿಳಿಯಾಗಿತ್ತೇ?” ಎಂದು ಕೇಳಿದರು. “ತಿಳಿಯಾಗಿತ್ತು ಸರ್” ಎಂದೆ. ಲೋಟದಲ್ಲಿ ತಿಳಿಯಾಗಿಯೇ ಇತ್ತಲ್ಲ. ಕಾರಣ ಅತಿವೃಷ್ಟಿ ಎಂದಾಯಿತು. ಉದ್ದೇಶವೇ ಇಲ್ಲದ ಕೆರೆಗೆ ಮತ್ತೆ ಕಟ್ಟೆ ಬೇಡವೆಂದೂ ತೀರ್ಮಾನವಾಯಿತು. ಅಷ್ಟು ಮನೆಗಳು ಅದರ ನೀರನ್ನೇ ಕುಡಿಯುತ್ತಿದ್ದವು ಎಂಬುದನ್ನು ತುಂಬಲು ಆ ಫಾರ್ಮಿನಲ್ಲಿ ಜಾಗವಿರಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ನೀರನ್ನು ಒರತೆಯಿಂದ ಸ್ವಂತ ಕೈಯಲ್ಲೇ ಮೊಗೆದು ನೋಡಿ ಎಂದು ಈಗ ಕಿರಿಯ ಎಂಜಿನಿಯರುಗಳಿಗೆ ಹೇಳುತ್ತೇನೆ. ವೃತ್ತಿ ಕಲಿಸಿದ ಪಾಠ ಅಷ್ಟೇ, ಸುಲಭದ್ದು. ಆದರೆ ವಿಚಾರಣಾ ಸಮಿತಿಯ ವರದಿಯ ಒಂದು ಸಾಲು ಹಾಗೆಯೇ ಉಳಿದಿದೆ: ಶೆಡ್ಡಿನವರು ‘ಸ್ವಂತ ಹೊಣೆಯಲ್ಲಿ’ ಅಲ್ಲಿ ವಾಸವಿದ್ದರು. ಅದು ಸುಳ್ಳು. ಅವರು ನನ್ನನ್ನು ಕೇಳಿದ್ದರು.